ನೀರೆಷ್ಟು, ಉರಿ ಎಷ್ಟು? ಮನೆ ಅಡುಗೆ ಮತ್ತು ಕುರುಕಲು ತಿಂಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಫೋನಿನಲ್ಲಿ, ಕಾಗದದಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಒಮ್ಮೆಯಂತೂ ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ಬರೆಯುತ್ತಾ ಹೋದಂತೆ ಒಂದು ವಿಷಯ ನನಗೇ ಗಮನಕ್ಕೆ ಬಂತು. ಅಡುಗೆ ಕೆಟ್ಟರೆ ಎಲ್ಲರೂ ಮೊದಲು ಮಸಾಲೆ ಮೇಲೆ ಅನುಮಾನ ಪಡುತ್ತಾರೆ. ನೋಡಿದರೆ ಮುಕ್ಕಾಲು ಪಾಲು ಸಲ ನೀರಿನ ಹದ ತಪ್ಪಿರುತ್ತದೆ, ಇಲ್ಲವೇ ಉರಿ ತಪ್ಪಿರುತ್ತದೆ.

ಇಲ್ಲಿ ಕಪ್ ಎಂದರೆ ನಿಮ್ಮ ಮನೆಯ ಯಾವುದೋ ಒಂದು ಲೋಟ. ಕೊನೆವರೆಗೂ ಅದೇ ಲೋಟ ಇರಲಿ, ಅಷ್ಟೇ.

## ಈಗಷ್ಟೇ ಶುರು ಮಾಡಿದವರಿಗೆ

ನನಗೆ ಅಡುಗೆ ಏನೂ ಬರಲ್ಲ. ಯಾವುದರಿಂದ ಶುರು ಮಾಡಲಿ?

ಅನ್ನ, ಒಂದು ತಿಳಿಸಾರು, ಒಂದು ಪಲ್ಯ. ಬೇಸರವಾದ ದಿನ ಹೆಸರುಬೇಳೆ ಕೋಸಂಬರಿ. ಅದಕ್ಕೆ ಒಲೆಯೇ ಬೇಡ, ಒಗ್ಗರಣೆ ಬೇಕಾದರೆ ಹಾಕಿ.

ಒಂದೇ ವಾರದಲ್ಲಿ ಅದೇ ಸಾರನ್ನು ನಾಲ್ಕು ಸಲ ಮಾಡಿ. ಮೊದಲ ದಿನ ಹುಳಿ ಜಾಸ್ತಿ ಆಗುತ್ತದೆ, ಎರಡನೇ ದಿನ ಉಪ್ಪು ಕಡಿಮೆ ಆಗುತ್ತದೆ, ನಾಲ್ಕನೇ ದಿನ ಕೈಗೆ ತಾನಾಗಿ ಗೊತ್ತಾಗುತ್ತದೆ. ದಿನಕ್ಕೊಂದು ಹೊಸ ಅಡುಗೆ ಮಾಡುವವರು ದಿನಕ್ಕೊಂದು ಹೊಸ ತಪ್ಪು ಮಾಡುತ್ತಾರೆ, ಯಾವುದೂ ಪಳಗುವುದಿಲ್ಲ.

ಒಗ್ಗರಣೆ ಯಾವಾಗಲೂ ಸೀದು ಹೋಗುತ್ತೆ. ಸಾಸಿವೆ ಸಿಡಿಯೋ ಮುಂಚೆನೇ ಬೇಳೆ ಕಪ್ಪಗಾಗುತ್ತೆ!

ಎಲ್ಲವನ್ನೂ ಒಟ್ಟಿಗೆ ಹಾಕುತ್ತಿದ್ದೀರಿ ಅಲ್ವಾ? ಒಗ್ಗರಣೆಯಲ್ಲಿ ಪ್ರತಿಯೊಂದಕ್ಕೂ ಒಂದು ಸರದಿ ಇದೆ. ಎಣ್ಣೆ ಕಾಯಲಿ. ಒಂದೇ ಒಂದು ಸಾಸಿವೆ ಕಾಳು ಹಾಕಿ ನೋಡಿ. ಅದು ಸುಮ್ನೆ ಕೂತಿದ್ದರೆ ಎಣ್ಣೆ ಕಾದಿಲ್ಲ. ಚಟ್ ಎಂದರೆ ಉಳಿದ ಸಾಸಿವೆ ಹಾಕಿ. ಸದ್ದು ಅರ್ಧಕ್ಕೆ ಇಳಿದಾಗ ಉರಿ ಸಣ್ಣ ಮಾಡಿ ಕಡಲೆಬೇಳೆ, ಅದು ಸ್ವಲ್ಪ ಬಣ್ಣ ತಿರುಗಿದ ಮೇಲೆ ಉದ್ದಿನಬೇಳೆ. ಉದ್ದಿನಬೇಳೆ ಬೇಗ ಕೆಂಪಾಗುತ್ತದೆ, ಅದಕ್ಕೇ ಅದು ಆಮೇಲೆ. ನಂತರ ಒಣಮೆಣಸಿನಕಾಯಿ, ಇಂಗು. ಕರಿಬೇವನ್ನು ಒಲೆ ಆರಿಸಿದ ಮೇಲೆ ಹಾಕಿದರೂ ಎಣ್ಣೆಯ ಬಿಸಿಯಲ್ಲೇ ಗರಿಗರಿಯಾಗುತ್ತದೆ. ಅರಿಶಿನ ಎಲ್ಲಕ್ಕಿಂತ ಕೊನೆಗೆ. ಸೀದ ಅರಿಶಿನ ಕಹಿ, ಅದನ್ನು ಯಾವುದರಿಂದಲೂ ಸರಿ ಮಾಡಲಾಗದು.

ಇನ್ನೊಂದು ಮಾತು: ತೆಳು ತಳದ ಒಗ್ಗರಣೆ ಸೌಟು ತೆಗೆದಿಡಿ. ದಪ್ಪ ತಳದ್ದೋ ಕಬ್ಬಿಣದ್ದೋ ಇದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಗಟ್ಟಿ ಇಂಗು ಒಳ್ಳೆಯದಾ, ಪುಡಿ ಇಂಗಾ?

ಅಂಗಡಿಯಲ್ಲಿ ಸಿಗುವ ಡಬ್ಬಿ ಇಂಗಿನಲ್ಲಿ ಸಾಮಾನ್ಯವಾಗಿ ಮೈದಾ ಅಥವಾ ಅಕ್ಕಿ ಹಿಟ್ಟು, ಗೋಂದು ಬೆರೆಸಿರುತ್ತಾರೆ. ಹಾಗಾಗಿ ಗೋಧಿ ತಿನ್ನಬಾರದವರು ಡಬ್ಬಿ ಮೇಲೆ ಬರೆದಿರುವುದನ್ನು ಓದಿಯೇ ಕೊಳ್ಳಬೇಕು. ಗಟ್ಟಿ ಇಂಗು ಘಾಟು ಜಾಸ್ತಿ. ಹುಣಸೆಬೀಜದಷ್ಟನ್ನು ಸ್ವಲ್ಪ ನೀರಿನಲ್ಲಿ ನೆನೆಸಿಟ್ಟು ಆ ನೀರನ್ನು ಚಮಚದಲ್ಲಿ ಬಳಸಿ. ಚಕ್ಕುಲಿ ಹಿಟ್ಟಿಗೆ ನಾನು ಹಾಕುವುದು ಇಂಗಿನ ನೀರೇ. ಎಲ್ಲ ಕಡೆ ಸಮನಾಗಿ ಹರಡುತ್ತದೆ.

ಎಷ್ಟು ವಿಷಲ್ ಕೂಗಿಸಿದರೂ ತೊಗರಿಬೇಳೆ ಬೇಯಲ್ಲ. ಕುಕ್ಕರ್ ಕೆಟ್ಟಿದೆಯಾ?

ಕುಕ್ಕರ್ ಮೇಲೆ ತಪ್ಪು ಹೊರಿಸಬೇಡಿ. ಒಂದೋ ಬೇಳೆ ಹಳೆಯದು, ಇಲ್ಲ ಬೋರ್‌ವೆಲ್ ನೀರು ಗಡಸು, ಇಲ್ಲ ನೀವು ಬೇಳೆ ಜೊತೆಗೇ ಟೊಮೆಟೊ, ಹುಣಸೆಹಣ್ಣು ಹಾಕಿದ್ದೀರಿ. ಹುಳಿ ಸೇರಿದರೆ ಬೇಳೆ, ತರಕಾರಿಯ ನಾರು ಮೆತ್ತಗಾಗದೆ ಗಟ್ಟಿಯಾಗಿ ನಿಲ್ಲುತ್ತವೆ. ಹುಳಿಗೆ ಹಾಕಿದ ಬೀನ್ಸ್ ಒಂದು ಗಂಟೆ ಕುದಿಸಿದರೂ ಹಾಗೇ ಇರುವುದು ಇದೇ ಕಾರಣಕ್ಕೆ. ತರಕಾರಿ ಪೂರ್ತಿ ಬೆಂದ ಮೇಲೆ ಹುಣಸೆರಸ ಹಾಕಿ.

ಬೇಳೆಯನ್ನು ಅರ್ಧ ಗಂಟೆ ನೆನೆಸಿ. ಬೇಯಿಸುವಾಗ ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ. ಎಣ್ಣೆ ಬಿದ್ದರೆ ನೊರೆ ಉಕ್ಕಿ ವಿಷಲ್ ಹತ್ತಿರ ಹಳದಿ ನೀರು ಚೆಲ್ಲುವುದು ಕಡಿಮೆ. ನೀರು ತುಂಬಾ ಗಡಸಾಗಿದ್ದರೆ ಬೇಳೆಗೆ ಮಾತ್ರ ಕುಡಿಯುವ ನೀರು ಬಳಸಿ.

ಅಮ್ಮನ ಅಳತೆ ಎಲ್ಲ ಕಣ್ಣಂದಾಜು. ಬರೆದುಕೊಳ್ಳೋದು ಹೇಗೆ?

ಕೇಳಬೇಡಿ. ಕೇಳಿದರೆ "ಒಂದು ಹಿಡಿ ಕಣೇ" ಎನ್ನುತ್ತಾರೆ. ಅವರು ಅಡುಗೆ ಶುರು ಮಾಡುವ ಮುಂಚೆ ಡಬ್ಬಗಳನ್ನು ಒಂದೊಂದಾಗಿ ತೂಗಿ ಬರೆದಿಡಿ. ಅಡುಗೆ ಮುಗಿದ ಮೇಲೆ ಮತ್ತೆ ತೂಗಿ. ಎಷ್ಟು ಕಡಿಮೆಯಾಯಿತೋ ಅದೇ ಅಳತೆ. ನಮ್ಮಮ್ಮನ ಹುಳಿಪುಡಿ ನನ್ನ ಕೈಗೆ ಬಂದಿದ್ದು ಹೀಗೆ.

## ಬೆಳಗಿನ ತಿಂಡಿ

ಇಡ್ಲಿ ಕಲ್ಲಿನ ಹಾಗೆ ಆಗುತ್ತೆ ಅಕ್ಕ. ಸೋಡಾ ಹಾಕಲೇ?

ಬೇಡ. ಮೊದಲು ಉದ್ದಿನಬೇಳೆ ನೋಡಿ. ಇಡ್ಲಿ ಹಗುರ ಆಗುವುದು ಉದ್ದಿನಿಂದ. ಇಡ್ಲಿ ಅಕ್ಕಿ ಎಂದು ಮಾರುವ ಕುಸುಬಲಕ್ಕಿಯಾದರೆ 3 ಕಪ್‌ಗೆ 1 ಕಪ್ ಉದ್ದು. ಇಡ್ಲಿ ರವೆಯಾದರೆ 2 ಕಪ್‌ಗೆ 1 ಕಪ್.

ಉದ್ದನ್ನು ಬೇರೆಯಾಗಿ ರುಬ್ಬಿ. ಮಿಕ್ಸಿಯಲ್ಲಾದರೆ ಫ್ರಿಜ್ಜಿನ ತಣ್ಣೀರು ಚಿಮುಕಿಸುತ್ತಾ, ನಿಲ್ಲಿಸಿ ನಿಲ್ಲಿಸಿ ರುಬ್ಬಿ. ಜಾರ್ ಮುಟ್ಟಿದರೆ ಬಿಸಿ ಎನಿಸಬಾರದು. ಸಾಕಾಯಿತಾ ಎಂದು ನೋಡುವುದು ಹೀಗೆ: ಒಂದು ಬಟ್ಟಲು ನೀರಿಗೆ ಗೋಲಿಯಷ್ಟು ಹಿಟ್ಟು ಬಿಡಿ. ಬೆಣ್ಣೆಯಂತೆ ತೇಲಿದರೆ ಸಾಕು. ಮುಳುಗಿದರೆ ಇನ್ನೂ ರುಬ್ಬಬೇಕು. ಅಕ್ಕಿಯನ್ನು ಮಾತ್ರ ಸಣ್ಣ ರವೆಯ ಹಾಗೆ ತರಿತರಿ ಬಿಡಿ. ಪೂರ್ತಿ ನುಣ್ಣಗೆ ಮಾಡಿದರೆ ಇಡ್ಲಿ ಅಂಟಂಟು.

ಬೆಳಿಗ್ಗೆ ಉಬ್ಬಿದ ಹಿಟ್ಟನ್ನು ಸೌಟಿನಲ್ಲಿ ಜೋರಾಗಿ ಕಲಕಬೇಡಿ, ಒಳಗಿನ ಗಾಳಿ ಹೋಗುತ್ತದೆ. ನೀರು ಕುದಿದ ಮೇಲೆ ತಟ್ಟೆ ಇಟ್ಟು 10–12 ನಿಮಿಷ. ಜಾಸ್ತಿ ಬೇಯಿಸಿದರೂ ಇಡ್ಲಿ ಒಣಗಿ ಗಟ್ಟಿಯಾಗುತ್ತದೆ. ಒಲೆಯಿಂದ ಇಳಿಸಿ ಎರಡು ನಿಮಿಷ ಬಿಟ್ಟು ಒದ್ದೆ ಚಮಚದಲ್ಲಿ ತೆಗೆಯಿರಿ.

ಚಳಿಗಾಲದಲ್ಲಿ ಹಿಟ್ಟು ಉಬ್ಬೋದೇ ಇಲ್ಲ. ಯೀಸ್ಟ್ ಹಾಕಬಹುದಾ?

ಯೀಸ್ಟ್ ಹಾಕಿದರೆ ಉಬ್ಬುತ್ತದೆ, ಆದರೆ ಬ್ರೆಡ್ಡಿನ ವಾಸನೆ. ಹಿಟ್ಟು ಹುಳಿ ಬರಿಸುವ ಸೂಕ್ಷ್ಮಜೀವಿಗಳು ಬೇಳೆ ಅಕ್ಕಿಯಲ್ಲೇ ಇರುತ್ತವೆ. ಅವುಗಳಿಗೆ 28–32 ಡಿಗ್ರಿ ಬಿಸಿ ಸಿಕ್ಕರೆ 8–10 ಗಂಟೆಯಲ್ಲಿ ಕೆಲಸ ಮುಗಿಸುತ್ತವೆ. ಡಿಸೆಂಬರ್‌ನ ಬೆಂಗಳೂರಿನಲ್ಲಿ ರಾತ್ರಿ 16 ಡಿಗ್ರಿ ಇರುವಾಗ ಹದಿನಾಲ್ಕು ಹದಿನೈದು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ಮಧ್ಯಾಹ್ನವೇ ರುಬ್ಬಿ. ಪಾತ್ರೆಯನ್ನು ಓವನ್ನಿನೊಳಗೆ ಬರೀ ದೀಪ ಹಾಕಿ ಇಡಿ, ಇಲ್ಲವೇ ಬಿಸಿನೀರಿನ ಬಕೆಟ್ ಪಕ್ಕದಲ್ಲಿ ಕಂಬಳಿ ಸುತ್ತಿ ಇಡಿ. ಉದ್ದಿನ ಜೊತೆ ಅರ್ಧ ಚಮಚ ಮೆಂತ್ಯ ನೆನೆಸಿದರೂ ಸಹಾಯವಾಗುತ್ತದೆ. ಪಾತ್ರೆ ಅರ್ಧ ಖಾಲಿ ಇರಲಿ. ಒಮ್ಮೆ ಏಪ್ರಿಲ್‌ನಲ್ಲಿ ನಾನು ಅಂಚಿನವರೆಗೆ ತುಂಬಿಸಿ ಮಲಗಿದೆ. ಬೆಳಿಗ್ಗೆ ಕಟ್ಟೆಯಿಂದ ಇಳಿದು ಡ್ರಾಯರಿನೊಳಗಿನ ಚಮಚಗಳ ಮೇಲೂ ಹಿಟ್ಟು.

ನೆನೆಸೋಕೇ ಮರೆತೆ. ಬೆಳಿಗ್ಗೆ ಆರು ಗಂಟೆಗೆ ನೆಂಟರು ಬರ್ತಾರೆ. ಏನು ಮಾಡಲಿ?

ರವೆ ಇಡ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು ಎಂದು ಬೆಂಗಳೂರಿನ ಎಂಟಿಆರ್‌ನವರು ಹೇಳುತ್ತಾರೆ. ನಿಮ್ಮದೂ ಸಣ್ಣ ಬರಗಾಲವೇ. ಒಂದು ಕಪ್ ರವೆಯನ್ನು ತುಪ್ಪದ ಒಗ್ಗರಣೆಯಲ್ಲಿ ಹುರಿದು ಆರಿಸಿ, ಒಂದು ಕಪ್ ಹುಳಿ ಮೊಸರು, ಬೇಕಾದಷ್ಟು ನೀರು ಹಾಕಿ ಇಪ್ಪತ್ತು ನಿಮಿಷ ಬಿಡಿ. ಕಾಲು ಚಮಚ ಸೋಡಾ ಹಾಕುವುದು ತಟ್ಟೆಗೆ ಹುಯ್ಯುವ ಮುಂಚೆ ಮಾತ್ರ.

ದೋಸೆ ಕಾವಲಿಗೆ ಅಂಟಿಕೊಳ್ಳುತ್ತೆ. ಬಂದರೂ ಹೋಟೆಲ್ ದೋಸೆ ತರ ಕೆಂಪಗೆ ಬರಲ್ಲ.

ಇವು ಎರಡು ಬೇರೆ ಸಮಸ್ಯೆ. ಅಂಟುವುದು ಕಾವಲಿಯ ದೋಷ. ಕಬ್ಬಿಣದ ಕಾವಲಿಯನ್ನು ಚಪಾತಿಗೂ ದೋಸೆಗೂ ಒಂದೇ ಇಟ್ಟುಕೊಳ್ಳಬೇಡಿ. ಚಪಾತಿಯ ಒಣ ಹಿಟ್ಟು, ಒಣ ಉರಿ ಪಳಗಿದ ಮೇಲ್ಮೈಯನ್ನು ಹಾಳು ಮಾಡುತ್ತದೆ. ಎಣ್ಣೆ ಸವರಿ ಹೊಗೆ ಬರುವವರೆಗೆ ಕಾಯಿಸಿ, ಆರಿಸಿ, ಮತ್ತೆ ಸವರಿ, ಹೀಗೆ ಮೂರು ನಾಲ್ಕು ಸಲ ಮಾಡಿ. ಪ್ರತಿ ದೋಸೆಗೂ ಮುಂಚೆ ನೀರು ಚಿಮುಕಿಸಿ, ಅರ್ಧ ಈರುಳ್ಳಿಯಿಂದ ಉಜ್ಜಿ. ನೀರು ಚುಂಯ್ ಎಂದು ಓಡಿ ಆರಬೇಕು. ತೀರಾ ಕಾದ ಕಾವಲಿ ಮೇಲೆ ಹಿಟ್ಟು ಹರಡುವುದೇ ಇಲ್ಲ, ಸೌಟಿಗೇ ಸುತ್ತಿಕೊಳ್ಳುತ್ತದೆ.

ಕೆಂಪಾಗದೇ ಇರುವುದು ಹಿಟ್ಟಿನ ದೋಷ. 3 ಕಪ್ ದೋಸೆ ಅಕ್ಕಿ, 1 ಕಪ್‌ಗಿಂತ ಸ್ವಲ್ಪ ಕಡಿಮೆ ಉದ್ದು, ಎರಡು ಚಮಚ ಕಡಲೆಬೇಳೆ, ಅರ್ಧ ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಕಡಲೆಬೇಳೆ ಮತ್ತು ಮೆಂತ್ಯ ಬಣ್ಣಕ್ಕೆ, ಅವಲಕ್ಕಿ ಮೆದುತನಕ್ಕೆ. ಹುಯ್ಯುವ ಮುಂಚೆ ಅರ್ಧ ಚಮಚ ಸಕ್ಕರೆ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಹಿಟ್ಟು ಬೇಡ, ಅರ್ಧ ಗಂಟೆ ಹೊರಗಿರಲಿ.

ಹಿಟ್ಟು ಜಾಸ್ತಿ ಹುಳಿ ಆಯ್ತು. ಚೆಲ್ಲಬೇಕಾ?

ಪಡ್ಡು ಮಾಡಿ. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಸ್ವಲ್ಪ ರವೆ. ಬಣ್ಣ ತಿರುಗಿದ್ದರೆ ಅಥವಾ ಬೂಷ್ಟು ಕಂಡರೆ ಮಾತ್ರ ಚೆಲ್ಲಿ.

ಉಪ್ಪಿಟ್ಟು ಗಂಟು ಗಂಟಾಗುತ್ತೆ.

ರವೆ ಹುರಿದಿಲ್ಲ, ಅಥವಾ ಒಂದೇ ಸಲ ಸುರಿದಿರಿ. ಒಂದು ಕಪ್ ರವೆಗೆ ಎರಡೂವರೆ ಕಪ್ ನೀರು, ಅದು ಕುದಿಯುತ್ತಿರಬೇಕು, ಉರಿ ಸಣ್ಣ. ಒಂದು ಕೈ ರವೆ ಉದುರಿಸಲಿ, ಇನ್ನೊಂದು ಕೈ ಕಲಕಲಿ.

ಮುದ್ದೆ ತಿರುವೋಕೆ ಬರಲ್ಲ. ಒಳಗೆ ಹಸಿ ಹಿಟ್ಟು ಸಿಗುತ್ತೆ.

ತಿರುವುವ ಆತುರವೇ ತಪ್ಪು. ಎರಡು ಕಪ್ ನೀರಿಗೆ ಒಂದು ಚಮಚ ರಾಗಿ ಹಿಟ್ಟು ಕಲಸಿ ಕುದಿಯಲು ಇಡಿ. ಅಂಬಲಿ ಹಾಗೆ ಉಕ್ಕಿ ಬಂದಾಗ ಒಂದು ಕಪ್ ಹಿಟ್ಟನ್ನು ಮಧ್ಯಕ್ಕೆ ಗುಡ್ಡದಂತೆ ಸುರಿಯಿರಿ. ಮುಟ್ಟಬೇಡಿ. ಗುಡ್ಡದ ನಡುವೆ ಕೋಲಿನಿಂದ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ಸುತ್ತಲಿನ ನೀರು ಆ ತೂತಿನಿಂದ ಮೇಲೆ ಬಂದು ಹಿಟ್ಟಿನ ಮೇಲೆ ಗುಳುಗುಳು ಎನ್ನುತ್ತದೆ. ಹಿಟ್ಟು ಬೇಯುವುದು ಆಗಲೇ. ಆಮೇಲೆ ಪಾತ್ರೆಯನ್ನು ಕಾಲಿನಲ್ಲೋ ಇಕ್ಕಳದಲ್ಲೋ ಭದ್ರವಾಗಿ ಹಿಡಿದು, ಕೋಲಿನಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವಿ. ನೀರು ಚಿಮುಕಿಸಿ, ಮುಚ್ಚಿ ಇನ್ನೆರಡು ನಿಮಿಷ. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ. ತಟ್ಟೆಗೆ ನೀರು ಸವರಿ ಬಿಸಿ ಇರುವಾಗಲೇ ಕಟ್ಟಿ.

## ಸಾರು, ಹುಳಿ, ಪುಡಿ

ಸಾರು, ಹುಳಿ, ಸಾಂಬಾರು, ಗೊಜ್ಜು. ಏನು ವ್ಯತ್ಯಾಸ? ಎಲ್ಲ ಒಂದೇ ಅನ್ಸುತ್ತೆ.

ಅನ್ನದ ಮೇಲೆ ಬಡಿಸಿದಾಗ ಹರಿದು ಹೋದರೆ ಸಾರು, ನಿಂತರೆ ಹುಳಿ. ಸಾರಿಗೆ ಬೇಳೆಯ ಕಟ್ಟು ಅಥವಾ ಸ್ವಲ್ಪ ಬೇಳೆ, ಪುಡಿ, ಹುಣಸೆರಸ. ಹುಳಿಗೆ ಜಾಸ್ತಿ ಬೇಳೆ, ತರಕಾರಿ, ತೆಂಗಿನಕಾಯಿ ಜೊತೆ ರುಬ್ಬಿದ ಮಸಾಲೆ. ಮೈಸೂರು ಕಡೆ ಹುಳಿ ಎನ್ನುವುದನ್ನೇ ಬೇರೆ ಕಡೆ ಸಾಂಬಾರು ಎನ್ನುತ್ತಾರೆ. ಗೊಜ್ಜಿನಲ್ಲಿ ಬೇಳೆ ಇಲ್ಲ. ಹುಳಿ, ಬೆಲ್ಲ, ಖಾರ ಮೂರೂ ನಾಲಿಗೆಗೆ ಒಟ್ಟಿಗೆ ತಾಗಬೇಕು. ಇನ್ನು ಬಸ್ಸಾರು ಎಂದರೆ ಕಾಳು ಸೊಪ್ಪು ಬೇಯಿಸಿ ಬಸಿದ ನೀರಿನ ಸಾರು. ಬಸಿದ ಕಾಳು ಸೊಪ್ಪು ಪಲ್ಯಕ್ಕೆ. ಒಂದೇ ಒಲೆಯಲ್ಲಿ ಎರಡು ಅಡುಗೆ.

ಸಾರಿನ ಪುಡಿ ಮನೆಯಲ್ಲೇ ಮಾಡಬೇಕು. ಅಳತೆ ಹೇಳಿ. ಬ್ಯಾಡಗಿ ಮೆಣಸಿನಕಾಯಿನೇ ಬೇಕಾ?

ಕೊತ್ತಂಬರಿ ಬೀಜ 1 ಕಪ್, ಬ್ಯಾಡಗಿ ಮೆಣಸಿನಕಾಯಿ 25–30, ಜೀರಿಗೆ 2 ದೊಡ್ಡ ಚಮಚ, ಕಾಳುಮೆಣಸು 1 ದೊಡ್ಡ ಚಮಚ, ಮೆಂತ್ಯ 1 ಸಣ್ಣ ಚಮಚ, ಸಾಸಿವೆ 1 ಸಣ್ಣ ಚಮಚ, ಎರಡು ಎಸಳು ಕರಿಬೇವು, ಇಂಗು. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ಮೆಂತ್ಯ ಕೆಂಪಾಗಬೇಕು, ಕಪ್ಪಾದರೆ ಇಡೀ ಪುಡಿ ಕಹಿ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿ ಇರುವಾಗ ಡಬ್ಬಕ್ಕೆ ತುಂಬಿದರೆ ಒಳಗೆ ಬೆವರಿ ಮುದ್ದೆಯಾಗುತ್ತದೆ.

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಗುಣ ಬಣ್ಣ ಜಾಸ್ತಿ, ಖಾರ ಕಡಿಮೆ. ಗುಂಟೂರಿನದು ಖಾರ ಜಾಸ್ತಿ. ಗುಂಟೂರು ಮಾತ್ರ ಇದ್ದರೆ ಸಂಖ್ಯೆಯನ್ನು ಅರ್ಧಕ್ಕೂ ಕಡಿಮೆ ಮಾಡಿ, ಆಗ ಸಾರಿನ ಬಣ್ಣ ಪೇಲವ ಆಗುತ್ತದೆ ಎಂದು ಬೇಜಾರಾಗಬೇಡಿ. ಖಾರ ಬೇಕಾದವರು ಬ್ಯಾಡಗಿಗೆ ನಾಲ್ಕೈದು ಗುಂಟೂರು ಸೇರಿಸಿಕೊಳ್ಳಿ.

ಈ ಪುಡಿ ಒಂದು ತಿಂಗಳು ಘಮಘಮ. ಆಮೇಲೆ ಕೆಡುವುದಿಲ್ಲ, ಸುಮ್ನೆ ಸಪ್ಪೆಯಾಗುತ್ತದೆ. ಅದಕ್ಕೇ ಕಿಲೋಗಟ್ಟಲೆ ಮಾಡಿಸಬೇಡಿ ಎನ್ನುವುದು.

ಮಜ್ಜಿಗೆ ಹುಳಿ ಒಡೆದು ನೀರು ಬೇರೆ ಮೊಸರು ಬೇರೆ ಆಗುತ್ತೆ.

ಕುದಿಸಿಬಿಟ್ಟಿರಿ. ತೆಂಗಿನಕಾಯಿ, ಹಸಿಮೆಣಸಿನಕಾಯಿ, ಜೀರಿಗೆ ಜೊತೆ ನೆನೆಸಿದ ಕಡಲೆಬೇಳೆ ಎರಡು ಚಮಚ, ಅಕ್ಕಿ ಅರ್ಧ ಚಮಚ ಸೇರಿಸಿ ರುಬ್ಬಿ. ಈ ಬೇಳೆ ಅಕ್ಕಿಯೇ ಮೊಸರನ್ನು ಹಿಡಿದಿಡುವುದು. ಬೂದುಗುಂಬಳ ಬೆಂದು, ಮಸಾಲೆ ಒಂದು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಕಡೆದ ಮೊಸರು ಹಾಕಿ, ಒಂದೇ ದಿಕ್ಕಿಗೆ ಕಲಕುತ್ತಿರಿ. ಅಂಚಿನಲ್ಲಿ ನೊರೆ ಕಟ್ಟಿತು ಎಂದ ತಕ್ಷಣ ಇಳಿಸಿ.

ಉಪ್ಪು ಜಾಸ್ತಿ ಆದರೆ ಆಲೂಗಡ್ಡೆ ಹಾಕಿದರೆ ಹೀರಿಕೊಳ್ಳುತ್ತಂತೆ, ನಿಜನಾ?

ಆಲೂಗಡ್ಡೆ ಹೀರುವುದು ಉಪ್ಪುನೀರನ್ನು, ಬರೀ ಉಪ್ಪನ್ನಲ್ಲ. ಉಳಿದ ಸಾರು ಅಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದ ಬೇಳೆ ಕಟ್ಟು, ನೀರು, ಸ್ವಲ್ಪ ಹುಳಿ ಸೇರಿಸಿ ಹಿಗ್ಗಿಸಿ. ಸಾರು ಜಾಸ್ತಿ ಆದರೆ ಪಕ್ಕದ ಮನೆಯವರಿಗೆ ಕೊಡಿ.

ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ರುಚಿ ಬರುತ್ತಾ?

ಉಡುಪಿಯ ಮಠದ ಊಟ ಮಾಡಿದವರು ಈ ಪ್ರಶ್ನೆ ಕೇಳುವುದಿಲ್ಲ. ಇಂಗು, ಕರಿಬೇವು, ತೆಂಗಿನಕಾಯಿ, ಕೊನೆಗೆ ಒಂದು ಚೂರು ಬೆಲ್ಲ. ಬೆಲ್ಲ ಸಿಹಿಗಲ್ಲ, ಹುಳಿ ಖಾರ ಎರಡನ್ನೂ ಒಂದು ಮಾಡುವುದಕ್ಕೆ.

## ಕುರುಕಲು ತಿಂಡಿ

ಚಕ್ಕುಲಿ ಒಮ್ಮೆ ಗಟ್ಟಿ, ಒಮ್ಮೆ ಎಣ್ಣೆ ಕುಡಿಯುತ್ತೆ, ಒಮ್ಮೆ ಎಣ್ಣೆಗೆ ಹಾಕಿದ ಕೂಡಲೇ ಚೂರು ಚೂರು. ಯಾವುದು ಸರಿ ಅಳತೆ?

ಅಳತೆ ಸುಲಭ. ಅಕ್ಕಿ ಹಿಟ್ಟು 4 ಕಪ್, ಉದ್ದಿನ ಹಿಟ್ಟು 1 ಕಪ್, ಬೆಣ್ಣೆ 3 ದೊಡ್ಡ ಚಮಚ, ಎಳ್ಳು, ಜೀರಿಗೆ ಅಥವಾ ಓಮ, ಇಂಗು, ಉಪ್ಪು. ಉದ್ದಿನಬೇಳೆಯನ್ನು ಘಮ್ ಎನ್ನುವವರೆಗೆ ಸಣ್ಣ ಉರಿಯಲ್ಲಿ ಹುರಿದು, ಬೀಸಿ, ಜರಡಿ ಹಿಡಿಯಿರಿ. ಜರಡಿ ತಪ್ಪಿಸಿದರೆ ಒರಳಿನ ತೂತಿಗೆ ಒಂದು ತರಿ ಸಿಕ್ಕಿಕೊಂಡು ಅರ್ಧ ಗಂಟೆ ಹಾಳು.

ಹದ ತಿಳಿಯಬೇಕಾದ್ದು ಮೂರು ಕಡೆ. ಮೊದಲು ಬೆಣ್ಣೆ. ಒಣ ಹಿಟ್ಟಿಗೆ ಬೆಣ್ಣೆ ಹಾಕಿ ಎರಡೂ ಅಂಗೈಯಲ್ಲಿ ಚೆನ್ನಾಗಿ ಉಜ್ಜಿ. ಒಂದು ಹಿಡಿ ಒತ್ತಿದರೆ ಮುಷ್ಟಿಯ ಆಕಾರ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ನಿಲ್ಲದಿದ್ದರೆ ಬೆಣ್ಣೆ ಕಡಿಮೆ, ಚಕ್ಕುಲಿ ಗಟ್ಟಿಯಾಗುತ್ತದೆ. ಬೆರಳಿಗೂ ಉದುರದಿದ್ದರೆ ಬೆಣ್ಣೆ ಜಾಸ್ತಿ, ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ.

ಆಮೇಲೆ ನೀರು. ಸ್ವಲ್ಪ ಸ್ವಲ್ಪ ಹಾಕಿ, ಚಪಾತಿ ಹಿಟ್ಟಿಗಿಂತ ಮೆತ್ತಗೆ, ಕೈಗೆ ಅಂಟದ ಹಾಗೆ ಕಲಸಿ. ಒತ್ತುವಾಗ ಎಳೆ ಹರಿದು ಬಿದ್ದರೆ ನೀರು ಸಾಲದು. ಎಳೆ ನುಣ್ಣಗೆ ಹೊಳೆಯುತ್ತಾ ಬಂದು ಮುಳ್ಳೇ ಕಾಣದಿದ್ದರೆ ನೀರು ಜಾಸ್ತಿ, ಅದು ಎಣ್ಣೆ ಕುಡಿಯುತ್ತದೆ. ಒಂದೇ ಸಲ ಪೂರ್ತಿ ಕಲಸಿಡಬೇಡಿ. ಒಣಗಿದ ಹಿಟ್ಟು ಕೂಡ ಮುರಿಯುತ್ತದೆ. ಎರಡು ಒರಳಿಗೆ ಆಗುವಷ್ಟು ಕಲಸಿ, ಮುಗಿದ ಮೇಲೆ ಮತ್ತೆ.

ಕೊನೆಗೆ ಎಣ್ಣೆ. ಕಡಲೆಕಾಳಿನಷ್ಟು ಹಿಟ್ಟು ಬಿಡಿ. ತಳಕ್ಕೆ ಹೋಗಿ, ಒಂದೆರಡು ಕ್ಷಣ ನಿಂತು, ಮೇಲೆ ಬರಬೇಕು. ಹಾಕಿದ ಕೂಡಲೇ ಮೇಲೆ ಬಂದು ಕೆಂಪಾದರೆ ಉರಿ ಜಾಸ್ತಿ. ಚಕ್ಕುಲಿ ಬಿಟ್ಟಾಗ ಎಣ್ಣೆ ತುಂಬಾ ಗುಳ್ಳೆ ಏಳುತ್ತವೆ, ಜೋರು ಸದ್ದು. ಆ ಗುಳ್ಳೆ ಒಳಗಿನ ನೀರು ಹೊರಗೆ ಬರುತ್ತಿರುವುದು. ಸದ್ದು ಇಳಿದು ಗುಳ್ಳೆ ಬಹುತೇಕ ನಿಂತಾಗ ತೆಗೆಯಿರಿ. ಬಣ್ಣ ನೋಡಿ ತೆಗೆಯುವವರು ಬೇಗ ತೆಗೆದು, ಮರುದಿನ "ಮೆತ್ತಗಾಯ್ತು" ಎನ್ನುತ್ತಾರೆ. ಕಿವಿ ಕೊಟ್ಟು ತೆಗೆಯಿರಿ.

ಹಿಟ್ಟಿನ ಗಿರಣಿಗೆ ಹೋಗುವವರಿಗೆ ಒಂದು ಕಿವಿಮಾತು: ನಿಮಗಿಂತ ಮುಂಚೆ ಏನು ಬೀಸಿದರು ಎಂದು ಕೇಳಿ. ಒಂದು ಗೋಕುಲಾಷ್ಟಮಿಗೆ ನನ್ನ ಚಕ್ಕುಲಿ ಹಿಟ್ಟು ಮೆಣಸಿನಕಾಯಿಯ ಹಿಂದೆಯೇ ಬೀಸಿ ಬಂತು. ಬಣ್ಣ ಬಹಳ ಚೆನ್ನಾಗಿತ್ತು. ಮಕ್ಕಳು ಒಂದೂ ಮುಟ್ಟಲಿಲ್ಲ.

ಕೋಡುಬಳೆ ಎಣ್ಣೆಯಲ್ಲಿ ಢಂ ಅಂತ ಸಿಡಿಯಿತು, ಕೈ ಸುಟ್ಟಿತು. ಯಾಕೆ?

ಮೊದಲು ಕೈಯನ್ನು ನಲ್ಲಿ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಇಂಕು, ಪೇಸ್ಟು, ಬೆಣ್ಣೆ ಯಾವುದೂ ಬೇಡ. ಬೊಬ್ಬೆ ದೊಡ್ಡದಾಗಿದ್ದರೆ ಡಾಕ್ಟರ ಹತ್ತಿರ ಹೋಗಿ.

ಸಿಡಿಯುವುದು ಆವಿಯಿಂದ. ಹೊರಗಿನ ಪದರ ಬೇಗ ಗಟ್ಟಿಯಾಗಿ, ಒಳಗಿನ ನೀರಿಗೆ ದಾರಿ ಸಿಗದೆ ಒಡೆದು ಬರುತ್ತದೆ. ಹೊಸೆಯುವಾಗ ಒಳಗೆ ಗಾಳಿ ಸೇರಿದ್ದರೂ ಹೀಗೇ. ಕಿರುಬೆರಳಿಗಿಂತ ದಪ್ಪ ಹೊಸೆಯಬೇಡಿ. ಕಾದ ಎಣ್ಣೆಯನ್ನು ಒಣ ಹಿಟ್ಟಿಗೆ ಹಾಕಿ ಕಲಸಿದರೆ ಒಳಗೆ ಸಣ್ಣ ಸಣ್ಣ ದಾರಿ ಉಳಿಯುತ್ತದೆ. ಉರಿ ಮಧ್ಯಮ. ಮೊದಲು ಒಂದೇ ಕೋಡುಬಳೆ ಬಿಟ್ಟು ಎರಡು ಹೆಜ್ಜೆ ಹಿಂದೆ ನಿಂತು ನೋಡಿ. ರಾತ್ರಿ ಉಳಿದ ಹಿಟ್ಟನ್ನು ಬೆಳಿಗ್ಗೆ ಕರಿಯಬೇಡಿ, ರೊಟ್ಟಿ ತಟ್ಟಿಬಿಡಿ.

ನಿಪ್ಪಟ್ಟು ಪೂರಿ ತರ ಉಬ್ಬುತ್ತೆ.

ತಟ್ಟಿದ ಮೇಲೆ ಫೋರ್ಕಿನಿಂದ ನಾಲ್ಕು ಕಡೆ ಚುಚ್ಚಿ. ಕಡಲೆಕಾಯಿ ಬೀಜ, ಹುರಿಗಡಲೆಯನ್ನು ತರಿತರಿ ಮಾಡಿಯೇ ಹಾಕಿ. ಇಡೀ ಬೀಜ ಇದ್ದರೆ ಅಂಚು ಬಿರಿಯುತ್ತದೆ.

ಕರಿದ ಎಣ್ಣೆಯನ್ನು ಎಷ್ಟು ಸಲ ಬಳಸಬಹುದು?

ನಾನು ಎರಡನೇ ಸಲ ಕರಿಯಲು ಇಡುವುದಿಲ್ಲ. ಆರಿದ ಮೇಲೆ ಸೋಸಿ, ಮೂರು ನಾಲ್ಕು ದಿನದಲ್ಲಿ ಒಗ್ಗರಣೆಗೆ, ಪಲ್ಯಕ್ಕೆ ಮುಗಿಸುತ್ತೇನೆ. ಹೋಟೆಲು, ಅಂಗಡಿಗಳಿಗೆ 2018ರ ಜುಲೈಯಿಂದ ನಿಯಮವಿದೆ: ಎಣ್ಣೆ ಹಾಳಾದಾಗ ಹುಟ್ಟುವ ಒಂದು ಬಗೆಯ ಅಂಶ ಶೇಕಡಾ 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ. ಮನೆಯಲ್ಲಿ ಅಳೆಯಲು ಆಗುವುದಿಲ್ಲ, ಕಣ್ಣು ಮೂಗೇ ಗತಿ. ಬಣ್ಣ ಕಪ್ಪಾಗಿ, ಅಂಟಾಗಿ, ಬೇಗ ಹೊಗೆ ಬಂದರೆ ಮುಗಿಯಿತು. ಹಳೆ ಎಣ್ಣೆಗೆ ಹೊಸ ಎಣ್ಣೆ ಸೇರಿಸಿದರೆ ಹೊಸದೂ ಹಾಳು. ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟುತ್ತದೆ.

ಎಣ್ಣೆ ಬೇಡ. ಏರ್ ಫ್ರೈಯರ್‌ನಲ್ಲಿ ಚಕ್ಕುಲಿ ಆಗುತ್ತಾ?

ಆಗುತ್ತದೆ, ಆದರೆ ಅದನ್ನು ಚಕ್ಕುಲಿ ಎನ್ನಲು ನನಗೆ ಮನಸ್ಸಿಲ್ಲ. ಬಿಸ್ಕತ್ತಿನ ಹಾಗೆ ಒಣ ಒಣ. ನಿಪ್ಪಟ್ಟು ಪರವಾಗಿಲ್ಲ, ತೆಳ್ಳಗೆ ತಟ್ಟಿ ಎರಡೂ ಬದಿಗೆ ಎಣ್ಣೆ ಸವರಿದರೆ ತಿನ್ನಬಹುದು. ಅವಲಕ್ಕಿ ಚೂಡಾಕ್ಕಂತೂ ಕರಿಯುವುದೇ ಬೇಕಿಲ್ಲ. ಪೇಪರ್ ಅವಲಕ್ಕಿಯನ್ನು ಬಿಸಿಲಿಗಿಟ್ಟು ಒಗ್ಗರಣೆ ಹಾಕಿದರೆ ಸಾಕು.

ಹಾಸ್ಟೆಲ್‌ನಲ್ಲಿರೋ ಮಗನಿಗೆ ಕಳಿಸಬೇಕು. ಎಷ್ಟು ದಿನ ಇರುತ್ತೆ?

ಚಕ್ಕುಲಿ, ಕೋಡುಬಳೆ ಎರಡರಿಂದ ಮೂರು ವಾರ. ಹಸಿ ಕಾಯಿತುರಿ ಹಾಕಿದ್ದರೆ ಅದಕ್ಕಿಂತ ಬಹಳ ಕಡಿಮೆ, ದೂರಕ್ಕೆ ಕಳಿಸುವುದಕ್ಕೆ ಕೊಬ್ಬರಿ ಹಾಕಿ. ಮೊದಲು ಕೆಡುವುದು ಕಡಲೆಕಾಯಿ ಬೀಜ ಇರುವ ತಿಂಡಿ, ಕಮಟು ವಾಸನೆ ಬರುತ್ತದೆ. ಎರಡು ಗಂಟೆ ಪೂರ್ತಿ ಆರಲಿ, ಆಮೇಲೆ ಡಬ್ಬ. ಹಾಸ್ಟೆಲಿನಲ್ಲಿ ಮೂರು ವಾರ ಉಳಿಯುತ್ತದೆ ಎಂಬ ನಂಬಿಕೆ ನಿಮಗಿದ್ದರೆ ಇರಲಿ.

## ಹಬ್ಬದ ಅಡುಗೆ, ಪಾಕ

ಒಬ್ಬಟ್ಟು ತಟ್ಟುವಾಗ ಹೂರಣ ಆಚೆ ಬರುತ್ತೆ.

ಕಣಕ ಮತ್ತು ಹೂರಣ ಮುಟ್ಟಿದರೆ ಒಂದೇ ಮೆದು ಎನಿಸಬೇಕು. ಕಣಕ ಗಟ್ಟಿ, ಹೂರಣ ಮೆತ್ತಗೆ ಇದ್ದರೆ ಹರಿಯಲೇಬೇಕು. ಮೈದಾ, ಚಿರೋಟಿ ರವೆ, ಅರಿಶಿನ ಹಾಕಿ ಎಳೆದರೆ ರಬ್ಬರಿನಂತೆ ಬರುವ ಹಾಗೆ ಸಡಿಲವಾಗಿ ಕಲಸಿ, ಮೇಲೆ ಧಾರಾಳವಾಗಿ ಎಣ್ಣೆ ಹಾಕಿ ನಾದಿ, ಕಡಿಮೆ ಎಂದರೆ ಎರಡು ಗಂಟೆ ಬಿಡಿ.

ಹೂರಣದ ಬೇಳೆ ಹಿಸುಕಿದರೆ ಮೆತ್ತಗೆ, ನೋಡಲು ಇಡೀ ಬೇಳೆ, ಹಾಗಿರಬೇಕು. ನೀರನ್ನು ಪೂರ್ತಿ ಬಸಿಯಿರಿ, ಆ ಕಟ್ಟು ಒಬ್ಬಟ್ಟಿನ ಸಾರಿಗೆ. ಒಂದು ಕಪ್ ಬೇಳೆಗೆ ಒಂದು ಕಪ್ ಬೆಲ್ಲ ಸೇರಿಸಿ, ಸೌಟು ನೆಟ್ಟಗೆ ನಿಲ್ಲುವವರೆಗೆ ಮಗುಚಿ, ಆಮೇಲೆ ರುಬ್ಬಿ. ರುಬ್ಬುವಾಗ ಒಂದು ಹನಿ ನೀರೂ ಬೇಡ. ಆದರೂ ತೆಳುವಾಯಿತಾ? ಮತ್ತೆ ಒಲೆ ಮೇಲಿಡಿ, ಇಲ್ಲವೇ ಹುರಿಗಡಲೆ ಪುಡಿ ಸೇರಿಸಿ.

ಒಂದೆಳೆ ಪಾಕ, ಉಂಡೆ ಪಾಕ ಅಂತೀರಲ್ಲ, ನನಗೆ ಎಳೆನೇ ಕಾಣಲ್ಲ.

ಹೆಬ್ಬೆರಳು ತೋರುಬೆರಳ ನಡುವೆ ಒಂದು ಹನಿ ಒತ್ತಿ ಬಿಡಿಸಿದರೆ ಒಂದು ದಾರ ಬಂದು ತುಂಡಾಗದೆ ನಿಂತರೆ ಒಂದೆಳೆ. ಸೌಟಿನಿಂದ ತೆಗೆದ ಹನಿ ಸ್ವಲ್ಪ ಆರಿದ ಮೇಲೆ ಮುಟ್ಟಿ, ಬೆರಳು ಸುಟ್ಟುಕೊಳ್ಳಬೇಡಿ. ಬೆಲ್ಲದ ಪಾಕಕ್ಕೆ ಬಟ್ಟಲು ನೀರೇ ಸುಲಭ. ಹನಿ ಕರಗಿ ಹೋದರೆ ಇನ್ನೂ ಆಗಿಲ್ಲ. ಬೆರಳಲ್ಲಿ ಮೆತ್ತನೆ ಉಂಡೆಯಾದರೆ ತಂಬಿಟ್ಟಿಗೆ ಸಾಕು. ಗಟ್ಟಿಯಾಗಿ ತಟ್ಟೆಗೆ ಎಸೆದರೆ ಟಣ್ ಎಂದರೆ ಕಡಲೆಕಾಯಿ ಚಿಕ್ಕಿಗೆ. ಸಕ್ಕರೆ ಪಾಕ ಹರಳು ಕಟ್ಟಬಾರದು ಎಂದರೆ ನಾಲ್ಕು ಹನಿ ನಿಂಬೆರಸ.

ಮೈಸೂರು ಪಾಕ್ ಗೂಡು ಗೂಡಾಗಿ ಬರಲ್ಲ. ಒಂದೋ ಹಲ್ವಾ, ಇಲ್ಲ ಇಟ್ಟಿಗೆ.

ಇದನ್ನು ಕೊನೆಗೆ ಇಟ್ಟಿದ್ದು ಬೇಕೆಂದೇ. ಕಡಲೆಹಿಟ್ಟು 1 ಕಪ್, ಸಕ್ಕರೆ 2 ಕಪ್, ತುಪ್ಪ 2 ಕಪ್, ನೀರು ಮುಕ್ಕಾಲು ಕಪ್. ಪಕ್ಕದ ಒಲೆಯಲ್ಲಿ ತುಪ್ಪ ಕೊನೆವರೆಗೂ ಕಾಯುತ್ತಿರಬೇಕು. ಎಲ್ಲರೂ ತಪ್ಪುವುದು ಇಲ್ಲೇ. ಆರಿದ ತುಪ್ಪ ಹಾಕಿದರೆ ಹಿಟ್ಟು ಅದನ್ನು ಸುಮ್ನೆ ಹೀರುತ್ತದೆ, ಹಲ್ವಾ ಆಗುತ್ತದೆ. ಕಾದ ತುಪ್ಪ ಬಿದ್ದಾಗ ಚುರ್ ಎಂದು ಪಾಕದ ನೀರು ಆವಿಯಾಗಿ ಮೇಲೇಳುತ್ತದೆ. ಆ ಆವಿ ಹೋದ ದಾರಿಯೇ ಗೂಡು.

ಒಂದೆಳೆ ಪಾಕಕ್ಕೆ ಜರಡಿ ಹಿಡಿದ ಹಿಟ್ಟನ್ನು ಉದುರಿಸುತ್ತಾ ಕಲಕಿ. ಆಮೇಲೆ ಒಂದೊಂದೇ ಸೌಟು ತುಪ್ಪ, ಹೀರಿದ ಮೇಲೆ ಇನ್ನೊಂದು. ಕೈ ನಿಲ್ಲಿಸಬೇಡಿ. ಇಡೀ ಮುದ್ದೆ ನೊರೆ ನೊರೆಯಾಗಿ, ಬಾಣಲೆ ಬಿಟ್ಟು, ಹಾಕಿದ ತುಪ್ಪವನ್ನು ಅಂಚಿನಲ್ಲಿ ವಾಪಸ್ ಬಿಡಲು ಶುರು ಮಾಡಿದಾಗ ತಕ್ಷಣ ಆಳವಾದ ತಟ್ಟೆಗೆ ಸುರಿಯಿರಿ. ಅರ್ಧ ನಿಮಿಷ ತಡವಾದರೆ ಇಟ್ಟಿಗೆ. ಮೇಲೆ ಸೌಟಿನಿಂದ ತಟ್ಟಿ ಸಮ ಮಾಡಬೇಡಿ, ಗೂಡು ಮುಚ್ಚುತ್ತದೆ. ಬೇಕಾದರೆ ತಟ್ಟೆಯನ್ನು ಮೆಲ್ಲಗೆ ಅಲ್ಲಾಡಿಸಿ. ಹತ್ತು ನಿಮಿಷಕ್ಕೆ ಗೆರೆ ಎಳೆದು, ಪೂರ್ತಿ ಆರಿದ ಮೇಲೆ ಬಿಡಿಸಿ. ಒಳಗಿನ ಬಿಸಿಗೆ ನಡುಭಾಗ ಇನ್ನೂ ಬೇಯುತ್ತಿರುತ್ತದೆ, ಹಾಗಾಗಿ ಅಂಚು ಹಳದಿ, ನಡುವೆ ಕಂದು ಬಂದರೆ ಗಾಬರಿ ಬೇಡ. ಹಾಗೇ ಬರಬೇಕು.